ಹದಕ್ಕೆ ಒದಗುವ ಹಣ



ಹವಾಮಾನ ಬದಲಾಗುತ್ತಿದೆ. ಬೇಸಾಯವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಬದಲಾಗಲು ಹಣ ಬೇಕು. ಇಷ್ಟು ನಮಗೆಲ್ಲ ಗೊತ್ತಿರುವ ಮಾತು. ಎಷ್ಟು ಹಣ ಬೇಕು ಎಂಬ ಚರ್ಚೆ ಎಲ್ಲ ಕಡೆ ನಡೆಯುತ್ತದೆ. ಆದರೆ ಆ ಹಣ ಯಾವಾಗ ರೈತನ ಕೈಗೆ ಬರುತ್ತದೆ ಎಂದು ಕೇಳುವವರು ಕಡಿಮೆ. ಈ ಹೊತ್ತಿನ ನನ್ನ ಮಾತೆಲ್ಲ ಆ ಒಂದು ಪ್ರಶ್ನೆಯ ಸುತ್ತ ಇದೆ.

2023ರ ಮುಂಗಾರು ನಿಮಗೆ ನೆನಪಿರಬೇಕು. ಜೂನ್‌ನಲ್ಲಿ ಮಳೆ ಕೈಕೊಟ್ಟಿತು. ಜುಲೈನಲ್ಲಿ ಸುರಿಯಿತು. ಆಗಸ್ಟ್‌ನಲ್ಲಿ ವಾಡಿಕೆ ಮಳೆಯ ಹೆಚ್ಚುಕಡಿಮೆ ಮುಕ್ಕಾಲು ಪಾಲು ಬರಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಬರ ಘೋಷಣೆಯಾಯಿತು. ಕೊನೆಗೆ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಬರದ ಪಟ್ಟಿಗೆ ಸೇರಿದವು. ಪರಿಹಾರ ಕೇಳಿ ಕೇಂದ್ರಕ್ಕೆ ಮನವಿ ಹೋಯಿತು. ಅಧ್ಯಯನ ತಂಡ ಬಂದು ನೋಡಿಕೊಂಡು ಹೋಯಿತು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿತು. ರಾಜ್ಯ ಸರ್ಕಾರ ಮೊದಲ ಕಂತಾಗಿ ಒಬ್ಬ ರೈತನಿಗೆ ಎರಡು ಸಾವಿರ ರೂಪಾಯಿವರೆಗೆ ಕೊಟ್ಟಿತು. ಕೇಂದ್ರದಿಂದ ಸುಮಾರು 3,400 ಕೋಟಿ ರೂಪಾಯಿ ಬಿಡುಗಡೆಯಾದದ್ದು 2024ರ ಏಪ್ರಿಲ್ ಕೊನೆಯಲ್ಲಿ.

ಲೆಕ್ಕ ಹಾಕಿ ನೋಡಿ. ಬೆಳೆ ಒಣಗಿದ್ದು ಆಗಸ್ಟ್‌ನಲ್ಲಿ. ಪರಿಹಾರದ ದೊಡ್ಡ ಪಾಲು ಬರುವ ಹೊತ್ತಿಗೆ ಮುಂದಿನ ಮುಂಗಾರು ಹೊಸ್ತಿಲಲ್ಲಿ ನಿಂತಿತ್ತು. ನಡುವಿನ ಎಂಟು ತಿಂಗಳು ಒಂದು ರೈತ ಕುಟುಂಬ ಏನು ಮಾಡಬೇಕು? ಎತ್ತು ಮಾರಬೇಕು. ಕೈಸಾಲ ಮಾಡಬೇಕು. ಇಲ್ಲವೇ ಮನೆಗೆ ಬೀಗ ಹಾಕಿ ಕೂಲಿಗೆ ಗುಳೆ ಹೋಗಬೇಕು. ಮಾರಿದ ಎತ್ತು ಪರಿಹಾರದ ಹಣದಿಂದ ಮರಳಿ ಬರುವುದಿಲ್ಲ. ಈ ತಡಕ್ಕೆ ಯಾರು ಹೊಣೆ ಎಂಬ ವಾದವನ್ನು ನಾನು ಇಲ್ಲಿ ಎತ್ತುವುದಿಲ್ಲ. ನನ್ನ ಚಿಂತೆ ಬೇರೆ. ನಮ್ಮ ಪರಿಹಾರದ ದಾರಿಯೇ ಉದ್ದವಾಗಿದೆ. ಮೊದಲು ಹಾನಿಯಾಗಬೇಕು. ಆಮೇಲೆ ಅದನ್ನು ಅಳೆಯಬೇಕು. ಆಮೇಲೆ ಕೇಳಬೇಕು. ಆಮೇಲೆ ಕೊಡಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದನ್ನೇ.

ಬೇಸಾಯದ ಖರ್ಚಿಗೆ ಒಂದು ಕಾಲಗತಿ ಇದೆ. ರೋಹಿಣಿ ಮಳೆಯ ಹೊತ್ತಿಗೆ ಹೊಲ ಹಸನಾಗಬೇಕು. ಮೃಗಶಿರ, ಆರಿದ್ರದಲ್ಲಿ ಬೀಜ ಕೈಯಲ್ಲಿರಬೇಕು. ಬಿತ್ತನೆಯ ಹದ ಸಿಗುವುದು ನಾಲ್ಕು ದಿನ, ಹೆಚ್ಚೆಂದರೆ ಒಂದು ವಾರ. ಅದು ತಪ್ಪಿದರೆ ಇಳುವರಿ ತಪ್ಪಿತು. ಹವಾಮಾನ ಬದಲಾವಣೆ ಮೊದಲು ಕೆಡಿಸಿರುವುದು ಈ ಕಾಲಗತಿಯನ್ನೇ. ವರ್ಷದ ಒಟ್ಟು ಮಳೆ ಕೆಲವೊಮ್ಮೆ ವಾಡಿಕೆಯಷ್ಟೇ ಇರುತ್ತದೆ. ಆದರೆ ಅದು ಕೆಲವೇ ದಿನಗಳಲ್ಲಿ ಸುರಿದು ಹೋಗುತ್ತದೆ. ನಡುವೆ ಮೂರು ವಾರ ಬಿರುಬಿಸಿಲು. ಮೊಳೆತ ಪೈರು ಬಾಡುತ್ತದೆ. ಮತ್ತೆ ಮಳೆ ಬರುತ್ತದೆ. ಆಗ ಎರಡನೇ ಸಲ ಬಿತ್ತಬೇಕು. ಎರಡನೇ ಸಲಕ್ಕೆ ಬೀಜ ಎಲ್ಲಿಂದ ತರಬೇಕು? ಆ ವಾರವೇ ಹಣ ಬೇಕು. ಮುಂದಿನ ತಿಂಗಳು ಬಂದರೆ ಪ್ರಯೋಜನವಿಲ್ಲ.

ಕರ್ನಾಟಕದಲ್ಲಿ ಸಾಗುವಳಿ ಭೂಮಿಯ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಳೆಯನ್ನೇ ನಂಬಿದೆ. ಬರಪೀಡಿತ ಪ್ರದೇಶದ ವಿಸ್ತಾರದಲ್ಲಿ ದೇಶದೊಳಗೆ ರಾಜಸ್ಥಾನದ ನಂತರದ ಸ್ಥಾನ ನಮ್ಮದು. ಹಾಗಾಗಿ ಹಣ ಹದಕ್ಕೆ ಒದಗುವಂತೆ ಮಾಡುವ ವಿದ್ಯೆ ನಮಗೆ ತುಂಬ ಬೇಕು. ಸಂತೋಷದ ಸಂಗತಿ ಎಂದರೆ ಈ ವಿದ್ಯೆಯಲ್ಲಿ ನಮ್ಮ ನಾಡು ಹಿಂದೆ ಬಿದ್ದದ್ದಲ್ಲ. ಮೂರು ದೊಡ್ಡ ಹೊಸ ದಾರಿಗಳಿಗೆ ಈ ಮಣ್ಣಿನ ನಂಟಿದೆ. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಗದಗದ ಹತ್ತಿರದ ಕಣಗಿನಹಾಳ. ವರ್ಷ 1905. ಆಗ ಆ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದು ಒಂದು ವರ್ಷವಾಗಿತ್ತು ಅಷ್ಟೆ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನ ರೈತರನ್ನು ಸೇರಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂಬ ಹೆಸರು ಅದಕ್ಕಿದೆ.

ಆ ಸಂಘದ ಹಿರಿಮೆಯನ್ನು ಬಡ್ಡಿಯ ದರದಲ್ಲಷ್ಟೇ ಅಳೆಯಬಾರದು. ಊರಿನ ಸಾಹುಕಾರ ದುಬಾರಿ ಬಡ್ಡಿ ಹಾಕುತ್ತಿದ್ದ, ನಿಜ. ಆದರೂ ರೈತರು ಅವನ ಬಳಿಗೆ ಏಕೆ ಹೋಗುತ್ತಿದ್ದರು? ಬಿತ್ತನೆಯ ಹದ ಬಂದಾಗ ಅವನು ಅದೇ ದಿನ ಹಣ ಕೊಡುತ್ತಿದ್ದ. ಕಾಗದಪತ್ರ ಕೇಳುತ್ತಿರಲಿಲ್ಲ. ಇಂದಿಗೂ ಹಳ್ಳಿಯಲ್ಲಿ ಕೈಸಾಲ ಉಳಿದಿರುವುದಕ್ಕೆ ಇದೇ ಕಾರಣ. ಅವನನ್ನು ಬಡ್ಡಿಯಲ್ಲಿ ಸೋಲಿಸಿದರೆ ಸಾಲದು, ವೇಗದಲ್ಲಿಯೂ ಸೋಲಿಸಬೇಕು. ಊರಿನವರೇ ನಡೆಸುವ, ಒಬ್ಬರನ್ನೊಬ್ಬರು ಬಲ್ಲವರ ಸಂಘಕ್ಕೆ ಅದು ಸಾಧ್ಯ. ಕಣಗಿನಹಾಳದವರು ತೋರಿಸಿದ ದಾರಿ ಅದು. ಇಂದು ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ಐದು ಲಕ್ಷ ರೂಪಾಯಿವರೆಗಿನ ಬೆಳೆ ಸಾಲಕ್ಕೆ ಬಡ್ಡಿಯಿಲ್ಲ. ಬಡ್ಡಿಯ ಲೆಕ್ಕದಲ್ಲಿ ಇದಕ್ಕಿಂತ ಕೆಳಗೆ ಹೋಗಲು ಜಾಗವೇ ಇಲ್ಲ. ಇನ್ನು ಮಾಡಬೇಕಾದದ್ದು ವೇಗದ ಲೆಕ್ಕ. ಮಂಜೂರಾದ ಸಾಲ ರೋಹಿಣಿಗೆ ಬರುತ್ತದೆಯೇ, ಆಶ್ಲೇಷಕ್ಕೆ ಬರುತ್ತದೆಯೇ ಎಂಬ ಲೆಕ್ಕ.

ಎರಡನೆಯದು ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ ವಿಚಾರ. ಸಂಸ್ಥಾನದ ಸರ್ಕಾರಿ ಸೇವೆಯಲ್ಲಿ ಜೆ. ಎಸ್. ಚಕ್ರವರ್ತಿ ಎಂಬ ಅಧಿಕಾರಿ ಇದ್ದರು. ಹಣಕಾಸು, ವಿಮೆ ಬಲ್ಲವರು. 1920ರಲ್ಲಿ ಅವರು ಭಾರತಕ್ಕೆ ಒಪ್ಪುವ ಕೃಷಿ ವಿಮೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಅವರ ವಿಚಾರ ಸರಳ. ಪ್ರತಿ ಹೊಲದ ಹಾನಿಯನ್ನು ಹೋಗಿ ಅಳೆಯುವುದು ಆಗದ ಕೆಲಸ. ಖರ್ಚು ಹೆಚ್ಚು, ಜಗಳ ಹೆಚ್ಚು, ತಡ ಹೆಚ್ಚು. ಹೊಲದ ಬದಲು ಮಳೆಯನ್ನು ಅಳೆಯೋಣ. ಒಂದು ಪ್ರದೇಶದಲ್ಲಿ ಮಳೆ ಇಂತಿಷ್ಟಕ್ಕಿಂತ ಕಡಿಮೆಯಾದರೆ ಅಲ್ಲಿ ವಿಮೆ ಮಾಡಿಸಿದ ಎಲ್ಲರಿಗೂ ಹಣ ಕೊಡೋಣ.

ನೂರು ವರ್ಷಕ್ಕೂ ಹಿಂದೆ ಮೈಸೂರಿನಲ್ಲಿ ಈ ಮಾತು ಬರಹಕ್ಕೆ ಇಳಿದಿತ್ತು ಎಂಬುದು ನನಗೆ ಹೆಮ್ಮೆಯ ವಿಷಯ. ಅಂದು ಅದು ಜಾರಿಗೆ ಬರಲಿಲ್ಲ. ದೇಶದಲ್ಲಿ ಮಳೆ ಆಧಾರಿತ ವಿಮೆಯ ಮೊದಲ ಪ್ರಯೋಗ ನಡೆದದ್ದು 2003ರಲ್ಲಿ. ಅದು ಆಗ ನಮ್ಮ ರಾಯಚೂರಿಗೆ ನೆರೆಯಾಗಿದ್ದ ಮಹಬೂಬ್‌ನಗರ ಜಿಲ್ಲೆಯಲ್ಲಿ. ಬೇಸಿಕ್ಸ್ ಎಂಬ ಗ್ರಾಮೀಣ ಹಣಕಾಸು ಸಂಸ್ಥೆಯೂ ಒಂದು ವಿಮಾ ಕಂಪನಿಯೂ ಸೇರಿ ನಡೆಸಿದವು. ಸೇರಿದವರು ಸುಮಾರು ಇನ್ನೂರು ರೈತರು. ಬೆಳೆ ಶೇಂಗಾ ಮತ್ತು ಹರಳು. ಇಂಥ ವಿಮೆ ಆಫ್ರಿಕದಲ್ಲೂ ಲ್ಯಾಟಿನ್ ಅಮೆರಿಕದಲ್ಲೂ ಹಬ್ಬಿದೆ.

ಇಂದು ನಮ್ಮಲ್ಲಿ ಅಡಿಕೆ, ಕಾಳುಮೆಣಸಿನಂಥ ತೋಟದ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆ ಇದೆ. ಮಲೆನಾಡು, ಕರಾವಳಿಯ ಕೇಳುಗರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ಮಳೆ ಕಡಿಮೆಯಾಗುವ ಭಯಕ್ಕಿಂತ ಬಿಡದೆ ಸುರಿಯುವ ಭಯ ಹೆಚ್ಚು. ಸೋನೆ ಮಳೆ ನಿಲ್ಲದೆ ಹಿಡಿದರೆ ಮದ್ದು ಹೊಡೆಯಲು ಬಿಡುವು ಸಿಗುವುದಿಲ್ಲ. ಕೊಳೆರೋಗ ಬಂದು ಎಳೆಯ ಅಡಿಕೆ ಮರದಡಿ ಉದುರುತ್ತದೆ. ಮಳೆಯ ಲೆಕ್ಕ ಒಂದು ಮಿತಿ ದಾಟಿದರೆ ವಿಮೆ ಹಣ ಕೊಡಬೇಕು. ಇತ್ತೀಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ ರೈತ ಕಟ್ಟುವ ಕಂತು ಸುಮಾರು 6,400 ರೂಪಾಯಿ. ವಿಮಾ ಮೊತ್ತ ಸುಮಾರು 1 ಲಕ್ಷ 28 ಸಾವಿರ ರೂಪಾಯಿ.

ಇದರಲ್ಲಿ ಒಂದು ತೊಡಕಿದೆ. ಅದನ್ನು ಮುಚ್ಚಿಡಬಾರದು. ಮಳೆಮಾಪಕ ಇರುವುದು ಪಂಚಾಯಿತಿಯ ಹತ್ತಿರ. ನಿಮ್ಮ ತೋಟ ಇರುವುದು ಗುಡ್ಡದ ಆಚೆ. ಅಲ್ಲಿ ಸುರಿದ ಮಳೆ ಇಲ್ಲಿ ಸುರಿದಿರುವುದಿಲ್ಲ. ಹಾನಿಯಾದವನಿಗೆ ಹಣ ಬಾರದೆ, ಆಗದವನಿಗೆ ಬರುವುದೂ ಉಂಟು. ಇದಕ್ಕೆ ಮದ್ದು ಮಾಪಕಗಳನ್ನು ಹೆಚ್ಚಿಸುವುದು, ಅವನ್ನು ಸರಿಯಾಗಿ ನೋಡಿಕೊಳ್ಳುವುದು. ಈ ವಿಷಯದಲ್ಲಿ ಕರ್ನಾಟಕ ಇಡೀ ದೇಶಕ್ಕೆ ಮುಂದಿದೆ. 1988ರಲ್ಲೇ ಇಲ್ಲಿ ಬರ ನಿಗಾ ಕೋಶ ಸ್ಥಾಪನೆಯಾಯಿತು. ಇಂದು ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳಿಂದ ಅದಕ್ಕೆ ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಬರುತ್ತದೆ. ನಿಮ್ಮ ಊರಿನ ಮಾಪಕಕ್ಕೆ ಬಳ್ಳಿ ಹಬ್ಬಿದ್ದರೆ, ಅದು ಕೆಟ್ಟು ನಿಂತಿದ್ದರೆ ಸುಮ್ಮನಿರಬೇಡಿ. ಆ ಪುಟ್ಟ ಡಬ್ಬಿಯಲ್ಲಿ ನಿಮ್ಮೂರಿನ ಎಲ್ಲರ ವಿಮೆಯ ಹಣ ಇದೆ.

ಬಯಲುಸೀಮೆಯ ಬೆಳೆಗಳಿಗೆ ಇರುವುದು ಫಸಲ್ ಬಿಮಾ ಎಂಬ ಬೆಳೆ ವಿಮೆ. 2016ರಲ್ಲಿ ಬಂತು. ಮುಂಗಾರಿನ ಆಹಾರ ಬೆಳೆಗೆ ರೈತನ ಕಂತು ವಿಮಾ ಮೊತ್ತದ ಶೇಕಡ 2, ಹಿಂಗಾರಿಗೆ ಶೇಕಡ ಒಂದೂವರೆ. ಇದು ಕೊಯ್ಲಿನ ಇಳುವರಿ ನೋಡಿ ಹಣ ಕೊಡುವ ವಿಮೆ. ಹಾಗಾಗಿ ತಡವಾಗುತ್ತದೆ. ಆದರೆ ಇದರಲ್ಲಿ ಬೇಗ ಹಣ ಕೊಡುವ ಎರಡು ಬಾಗಿಲುಗಳಿವೆ. ಒಂದು, ಮಳೆಯಿಲ್ಲದೆ ವಿಮಾ ಘಟಕದ ಮುಕ್ಕಾಲು ಪಾಲು ಪ್ರದೇಶದಲ್ಲಿ ಬಿತ್ತನೆಯೇ ಆಗದಿದ್ದರೆ ವಿಮಾ ಮೊತ್ತದ ಕಾಲು ಪಾಲು ಸಿಗಬೇಕು. ಇನ್ನೊಂದು, ಬೆಳೆ ನಿಂತಿರುವಾಗಲೇ ಇಳುವರಿ ಅರ್ಧಕ್ಕಿಂತ ಕಡಿಮೆಯಾಗುವುದು ಖಚಿತವಾದರೆ ಬರಬೇಕಾದ ಹಣದ ಕಾಲು ಭಾಗ ಮುಂಗಡವಾಗಿ ಸಿಗಬೇಕು. ಈ ಬಾಗಿಲುಗಳು ಎಷ್ಟೋ ರೈತರಿಗೆ ಗೊತ್ತಿಲ್ಲ. ತೆರೆಯಿರಿ ಎಂದು ಕೇಳಲು ಮೊದಲು ಬಾಗಿಲು ಇದೆ ಎಂದು ತಿಳಿದಿರಬೇಕು.

ಇನ್ನು ಮೂರನೆಯ ದಾರಿ. ಇದು ಹೆಣ್ಣುಮಕ್ಕಳು ಬೆಳೆಸಿದ್ದು. 1980ರ ದಶಕದಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆ ನಮ್ಮ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿತ್ತು. ಅಲ್ಲಿನ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದು ಚಿಕ್ಕ ಚಿಕ್ಕ ಗುಂಪುಗಳಾದವು. ಆ ಗುಂಪಿನವರು ತಾವೇ ಉಳಿತಾಯ ಮಾಡಿದರು, ತಾವೇ ಸಾಲ ಕೊಟ್ಟುಕೊಂಡರು, ತಾವೇ ವಸೂಲಿ ಮಾಡಿದರು. 1987ರಲ್ಲಿ ನಬಾರ್ಡ್ ಬ್ಯಾಂಕು ಈ ಪ್ರಯೋಗಕ್ಕೆ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಐನೂರು ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸವನ್ನು ದೇಶದಲ್ಲಿ ಶುರು ಮಾಡಿತು. ಇಂದು ನಾವು ಸ್ವಸಹಾಯ ಸಂಘ ಎನ್ನುವುದು ಇಂಥ ಗುಂಪನ್ನೇ.

ಸಂಘ ವಾರಕ್ಕೊಮ್ಮೆ ಸೇರುತ್ತದೆ. ಎರಡನೇ ಬಿತ್ತನೆಗೆ ಬೀಜ ಬೇಕು ಎಂದು ಒಬ್ಬಳು ಕೇಳಿದರೆ ಅದೇ ಸಭೆಯಲ್ಲಿ ತೀರ್ಮಾನವಾಗುತ್ತದೆ. ಅವಳ ಹೊಲ ಎಲ್ಲರಿಗೂ ಗೊತ್ತು. ಅವಳ ಕಷ್ಟವೂ ಗೊತ್ತು. ಅಡವು ಬೇಕಿಲ್ಲ. ಒಂದು ಚೀಲ ಬೀಜದ ಹಣಕ್ಕೆ ಇದಕ್ಕಿಂತ ಹತ್ತಿರದ ಬ್ಯಾಂಕು ಇನ್ನೊಂದಿಲ್ಲ.

ಮಿತ್ರರೆ, ಇಲ್ಲಿಯವರೆಗಿನ ಮಾತನ್ನು ಒಮ್ಮೆ ಕೂಡಿಸಿಕೊಳ್ಳೋಣ. ಸಹಕಾರ ಸಂಘ ಬಿತ್ತನೆಗೆ ಹಣ ಕೊಡುವುದನ್ನು ಕಲಿಸಿತು. ಮಳೆ ವಿಮೆ ಹಾನಿಯ ಅಳತೆಯನ್ನು ಚುರುಕು ಮಾಡಿತು. ಸ್ವಸಹಾಯ ಸಂಘ ವಾರದೊಳಗೆ ಹಣ ಒದಗಿಸಿತು. ಈ ಮೂರರಲ್ಲೂ ಇರುವ ಗುಣ ಒಂದೇ, ಬೇಗ ಒದಗುವುದು. ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಹಾನಿಯಾಗುವ ಮುಂಚೆಯೇ ಹಣ ಖರ್ಚಾದರೆ ಏನಾಗುತ್ತದೆ?

ಇದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂತು. ಹೊಂಡ ತೋಡಲು, ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಸಲು ಸಾಮಾನ್ಯ ವರ್ಗದವರಿಗೆ ಶೇಕಡ 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡ 90 ಸಹಾಯಧನ. ಕೆಲವೇ ವರ್ಷಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೊಂಡಗಳಾದವು.

ಒಂದು ಹೊಂಡದ ಲೆಕ್ಕ ಹೇಳುತ್ತೇನೆ, ಮನಸ್ಸಿನಲ್ಲೇ ಕಟ್ಟಿಕೊಳ್ಳಿ. ಹನ್ನೆರಡು ಮೀಟರ್ ಉದ್ದ, ಹನ್ನೆರಡು ಮೀಟರ್ ಅಗಲ, ಮೂರು ಮೀಟರ್ ಆಳ. ಬದಿಗಳು ಕುಸಿಯದಂತೆ ಇಳಿಜಾರಾಗಿ ಕೆತ್ತಿದ್ದಾರೆ. ತಳ ಕಿರಿದಾಗಿದೆ. ಹೊಲದ ತಗ್ಗಿನ ಮೂಲೆಯಲ್ಲಿದೆ. ಒಂದು ಜೋರು ಮಳೆಗೆ ಹರಿದು ಬಂದ ನೀರು ಅದರೊಳಗೆ ಇಳಿಯುತ್ತದೆ. ತುಂಬಿದಾಗ ಸುಮಾರು ಎರಡೂವರೆ ಲಕ್ಷ ಲೀಟರ್. ತುಂತುರು ನೀರಾವರಿಯಲ್ಲಿ ಒಂದು ಎಕರೆಗೆ ಎರಡು ಸಲ ಒಂದೊಂದು ಅಂಗುಲ ನೀರು ಕೊಡಲು ಇದು ಸಾಕು. ಎರಡು ಅಂಗುಲ ಏನು ಮಹಾ ಎನ್ನಬೇಡಿ. ತೊಗರಿ ಹೂ ಬಿಡುವಾಗ, ಶೇಂಗಾ ಕಾಯಿ ಕಟ್ಟುವಾಗ, ರಾಗಿ ತೆನೆ ಹೊಡೆಯುವಾಗ ಮಳೆ ಮೂರು ವಾರ ಮುನಿಸಿಕೊಂಡರೆ ಆ ಎರಡು ಅಂಗುಲವೇ ಬೆಳೆ ಉಳಿಸುತ್ತದೆ. 2023ರ ಬರದ ಹೊತ್ತಿಗೆ ಪರಿಹಾರದ ನಿಯಮದಲ್ಲಿ ಮಳೆಯಾಶ್ರಿತ ಬೆಳೆ ಹಾನಿಗೆ ಇದ್ದದ್ದು ಹೆಕ್ಟೇರಿಗೆ 8,500 ರೂಪಾಯಿ. ಅಂದರೆ ಎಕರೆಗೆ ಮೂರೂವರೆ ಸಾವಿರಕ್ಕೂ ಕಡಿಮೆ. ಉಳಿದ ಬೆಳೆಯ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು. ಹೊಂಡವಂತೂ ಮುಂದಿನ ಬರಕ್ಕೂ ಇರುತ್ತದೆ.

ಈ ಯೋಜನೆಯಿಂದ ಎರಡು ಪಾಠ ಕಲಿಯಬೇಕು. ಒಂದು, ಎಷ್ಟೋ ಸಹಾಯಧನಗಳಲ್ಲಿ ರೈತ ಮೊದಲು ಕೈಯಿಂದ ಖರ್ಚು ಮಾಡಬೇಕು. ಆಮೇಲೆ ತಪಾಸಣೆ, ಆಮೇಲೆ ಬಿಲ್ಲು. ಕೈಯಲ್ಲಿ ಹಣ ಇರುವವನಿಗೆ ಇದು ಸರಿ. ಇಲ್ಲದವನು ಅರ್ಜಿಯನ್ನೇ ಹಾಕುವುದಿಲ್ಲ. ಬಡವನ ಪಾಲಿನ ಹಣ ಮುಂಚಿತವಾಗಿ ಬರಬೇಕು. ಎರಡು, ಹೊಂಡಕ್ಕೆ ಬೇಲಿ ಬೇಕೇ ಬೇಕು. ಪ್ಲಾಸ್ಟಿಕ್ ಹೊದಿಸಿದ ಇಳಿಜಾರು ಜಾರುತ್ತದೆ. ಬಿದ್ದ ಮಗು ಹತ್ತಿ ಬರಲಾರದು. ಆದ್ದರಿಂದ ಬೇಲಿಯ ಹಣವನ್ನು ಹೊಂಡದ ಹಣದಲ್ಲೇ ಸೇರಿಸಬೇಕು. ಅದನ್ನು ಬೇರೆ ಖರ್ಚು ಎಂದು ನೋಡಬಾರದು.

ಹೊಂಡದ ಮಾತು ಮುಗಿಯಿತು. ಬರಕ್ಕೆ ಮುಂಚೆ ಹಣ ಹಾಕಿದರೆ ಬೆಳೆಯೇ ಉಳಿಯುತ್ತದೆ ಎಂದು ಅದು ತೋರಿಸಿತು. ಬರ ಮೆಲ್ಲಗೆ ಬರುತ್ತದೆ, ಪ್ರವಾಹ ಹಾಗಲ್ಲ. ಪ್ರವಾಹಕ್ಕೂ ಮುಂಚೆ ಹಣ ಕೊಡಬಹುದೇ? ನೆರೆಯ ಬಾಂಗ್ಲಾದೇಶದಲ್ಲಿ ಕೊಟ್ಟು ನೋಡಿದ್ದಾರೆ.

2020ರ ಜುಲೈ ತಿಂಗಳು. ನಮ್ಮ ಬ್ರಹ್ಮಪುತ್ರಾ ಅಲ್ಲಿ ಜಮುನಾ ಎಂಬ ಹೆಸರಿನಿಂದ ಹರಿಯುತ್ತದೆ. ನದಿ ಉಕ್ಕಲಿದೆ ಎಂದು ಮುನ್ಸೂಚನೆ ಬಂತು. ವಿಶ್ವಸಂಸ್ಥೆಯ ತುರ್ತು ನಿಧಿ ಮೊದಲೇ ಒಂದು ಒಪ್ಪಂದ ಮಾಡಿಕೊಂಡಿತ್ತು. ಮುನ್ಸೂಚನೆ ಇಂತಿಷ್ಟು ಮಟ್ಟ ಮುಟ್ಟಿದರೆ ಹಣ ತಾನಾಗಿ ಬಿಡುಗಡೆಯಾಗಬೇಕು ಎಂಬ ಒಪ್ಪಂದ. ಹಾಗೆಯೇ ಐವತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಹೊರಟಿತು. ಪ್ರವಾಹ ಏರುವ ಮುಂಚೆಯೇ ಸುಮಾರು 23 ಸಾವಿರ ಕುಟುಂಬಗಳ ಮೊಬೈಲಿಗೆ ತಲಾ 4,500 ಟಾಕಾ ಬಂತು. ರೈತರಿಗೆ ದನಕರುಗಳ ಮೇವು ಸಿಕ್ಕಿತು. ಕಾಳು, ಬೀಜ ನೆನೆಯದಂತೆ ಇಡಲು ಮುಚ್ಚಳದ ಡ್ರಮ್ಮುಗಳು ಸಿಕ್ಕವು.

ಆಮೇಲೆ ಸಂಶೋಧಕರು ಹಣ ಪಡೆದ ಮನೆಗಳನ್ನು ಪಡೆಯದ ಮನೆಗಳ ಜೊತೆ ಹೋಲಿಸಿ ನೋಡಿದರು. ಪ್ರವಾಹದ ದಿನಗಳಲ್ಲಿ ಒಂದು ದಿನವಿಡೀ ಉಪವಾಸ ಬೀಳುವ ಸಂಭವ ಹಣ ಪಡೆದವರಲ್ಲಿ ಮೂರರಲ್ಲಿ ಒಂದು ಪಾಲಿಗೂ ಮೀರಿ ತಗ್ಗಿತ್ತು. ಹಣ ದೊಡ್ಡದಲ್ಲ. ಅದು ಬಂದ ದಿನ ದೊಡ್ಡದು. ಕೃಷ್ಣಾ, ಭೀಮಾ, ಘಟಪ್ರಭಾ, ಮಲಪ್ರಭಾ ತೀರದ ಕೇಳುಗರೇ, ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ನಿಮಗೆ ಒಂದೆರಡು ದಿನ ಮುಂಚೆ ಬರುತ್ತದೆ. ಸುದ್ದಿಯ ಜೊತೆಗೆ ಮೇವಿನ ಹಣವೂ, ಗಾಡಿಯ ಬಾಡಿಗೆಯೂ ಬಂದರೆ ಎಷ್ಟು ದನಕರು ಉಳಿಯುತ್ತವೆ ಎಂದು ಯೋಚಿಸಿ.

ಈವರೆಗೆ ಹಣ ಬರುವ ಸಮಯದ ಮಾತಾಡಿದೆ. ಆದರೆ ವಿಮೆಗಾದರೂ ರೈತ ಒಂದಿಷ್ಟು ಕಂತು ಕಟ್ಟಬೇಕು. ಅದೂ ಬಿತ್ತನೆಯ ಕಾಲದಲ್ಲೇ, ಮನೆಯಲ್ಲಿ ಕಾಸು ತೀರಾ ಕಡಿಮೆ ಇರುವಾಗ. ಕಟ್ಟಲು ಏನೂ ಇಲ್ಲದವನ ಗತಿ ಏನು? ಇದಕ್ಕೆ ಉತ್ತರ ಹುಡುಕಿದ್ದು ಇಥಿಯೋಪಿಯ.

ಆ ದೇಶದ ಉತ್ತರ ಭಾಗದಲ್ಲಿ ಟಿಗ್ರೇ ಎಂಬ ಸೀಮೆ. ಬೆಟ್ಟಗುಡ್ಡದ ಒಣಭೂಮಿ. ಅಲ್ಲಿನ ಮುಖ್ಯ ಧಾನ್ಯ ಟೆಫ್. ನಮ್ಮ ರಾಗಿಗಿಂತಲೂ ಸಣ್ಣ ಕಾಳು. 2009ರಲ್ಲಿ ಅಲ್ಲಿನ ಅದಿ ಹಾ ಎಂಬ ಹಳ್ಳಿಯಲ್ಲಿ ಸುಮಾರು ಇನ್ನೂರು ಕುಟುಂಬಗಳ ಜೊತೆ ಆಕ್ಸ್‌ಫ್ಯಾಮ್ ಸಂಸ್ಥೆ ಒಂದು ಪ್ರಯೋಗ ಶುರು ಮಾಡಿತು. ನಗದು ಇಲ್ಲದ ಬಡ ರೈತ ದುಡಿಮೆಯಿಂದ ಕಂತು ಕಟ್ಟಬಹುದು. ಊರಿನಲ್ಲಿ ಬದು ಹಾಕುವುದು, ಗಿಡ ನೆಡುವುದು, ನೀರು ಇಂಗಿಸುವುದು, ಗೊಬ್ಬರ ಮಾಡುವುದು ಅವನ ಕೆಲಸ. ಕೂಲಿಯ ಬದಲು ಅವನಿಗೆ ಮಳೆ ವಿಮೆಯ ಪತ್ರ. ಮುಂದೆ ವಿಶ್ವ ಆಹಾರ ಕಾರ್ಯಕ್ರಮ ಕೈಜೋಡಿಸಿ ಬೇರೆ ದೇಶಗಳಿಗೂ ಇದನ್ನು ಒಯ್ದಿತು.

ಇದರ ಜಾಣ್ಮೆಯನ್ನು ಗಮನಿಸಿ. ಬದು ಹಾಕಿದರೆ ಸಣ್ಣ ಬರ ಹೊಲಕ್ಕೆ ತಟ್ಟುವುದಿಲ್ಲ. ದೊಡ್ಡ ಬರ ಬಂದರೆ ವಿಮೆ ಇದೆ. ಒಂದೇ ದುಡಿಮೆಯಿಂದ ಎರಡು ರಕ್ಷಣೆ ಸಿಕ್ಕಿತು. ನಮ್ಮ ಹಳ್ಳಿಗಳಲ್ಲಿ ಉದ್ಯೋಗ ಖಾತರಿಯ ಹಣದಿಂದ ಲೆಕ್ಕವಿಲ್ಲದಷ್ಟು ಬದುಗಳಾಗಿವೆ, ಹೊಂಡಗಳಾಗಿವೆ. ತನ್ನ ಹೊಲದಲ್ಲಿ ಬದು ಹಾಕಿದ ಸಣ್ಣ ರೈತನ ವಿಮಾ ಕಂತನ್ನು ಅದೇ ಕೆಲಸದ ಲೆಕ್ಕದಲ್ಲಿ ಸರ್ಕಾರ ಕಟ್ಟುವಂತಾದರೆ ಎಷ್ಟು ಚೆನ್ನ! ಆಗ ವಿಮೆ ಕಟ್ಟುವ ಕೊನೆಯ ದಿನವನ್ನು ತಪ್ಪಿಸಿಕೊಳ್ಳುವ ರೈತ ಇರುವುದಿಲ್ಲ.

ಇದೇ ದಾರಿಯಲ್ಲಿ ಇನ್ನೆರಡು ಮಾತು ಚುಟುಕಾಗಿ ಹೇಳುತ್ತೇನೆ. ಒಂದು, ಬೆಳೆ ಬದಲಾವಣೆಗೆ ಕೊಡುವ ಹಣ. ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು ಕಡಿಮೆ ನೀರಿನಲ್ಲಿ ಬರುತ್ತವೆ. ಇವನ್ನು ಬೆಳೆಯುವವರಿಗೆ ರೈತ ಸಿರಿ ಯೋಜನೆ ಹೆಕ್ಟೇರಿಗೆ ಹತ್ತು ಸಾವಿರ ರೂಪಾಯಿ ಪ್ರೋತ್ಸಾಹಧನ ಕೊಟ್ಟಿತು. ಬೆಳೆ ಬದಲಿಸುವ ಮೊದಲ ವರ್ಷ ರೈತನಿಗೆ ಭಯ ಇರುತ್ತದೆ. ಮಾರುಕಟ್ಟೆ ಸಿಕ್ಕೀತೇ, ಇಳುವರಿ ಬಂದೀತೇ ಎಂಬ ಭಯ. ಆ ಭಯವನ್ನು ಹಂಚಿಕೊಳ್ಳುವ ಹಣ ಇದು.

ಇನ್ನೊಂದು, ಜಲಾನಯನದ ಹಣ. 2001ರಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಸುಜಲ ಯೋಜನೆ ಶುರುವಾಯಿತು. ಅದರ ಮುಂದಿನ ಹಂತದಲ್ಲಿ ಮಣ್ಣಿನ ಆಳ, ಸತ್ವ, ಇಳಿಜಾರು ಎಲ್ಲವನ್ನೂ ಹೊಲಹೊಲಕ್ಕೆ ಅಳೆದು ನಕ್ಷೆ ಮಾಡಿದರು. ಆಮೇಲೆ ಬಂದ ರಿವಾರ್ಡ್ ಯೋಜನೆಯಲ್ಲಿ ಒಪ್ಪಿದ ಫಲಿತಾಂಶ ಕಂಡ ಮೇಲೆ ವಿಶ್ವ ಬ್ಯಾಂಕು ಹಣ ಬಿಡುವ ಏರ್ಪಾಡಾಯಿತು. ಇಲ್ಲಿ ಫಲಿತಾಂಶಕ್ಕಾಗಿ ಕಾಯುವವರು ಸರ್ಕಾರದವರು. ಅದು ಸರಿಯಾದ ಕ್ರಮ. ಕಾಯುವ ಶಕ್ತಿ ಸರ್ಕಾರಕ್ಕಿದೆ, ರೈತನಿಗಿಲ್ಲ. ಯಾವುದೇ ಹೊಸ ಹಣಕಾಸು ಯೋಜನೆಯಲ್ಲಿ ಕಾಯುವ ಹೊರೆ ಯಾರ ಹೆಗಲಿಗೆ ಬೀಳುತ್ತದೆ ಎಂದು ಮೊದಲು ನೋಡಬೇಕು.

ಈಗ ಒಂದು ನೋವಿನ ಸಂಗತಿ. ಜಗತ್ತಿನಲ್ಲಿ ಹವಾಮಾನದ ಹೆಸರಿನಲ್ಲಿ ಹರಿಯುವ ಹಣವನ್ನು ಲೆಕ್ಕ ಹಾಕಿದ್ದಾರೆ. 2020ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ವರದಿಯ ಪ್ರಕಾರ ಆ ಹಣದ ನೂರು ರೂಪಾಯಿಯಲ್ಲಿ ಸಣ್ಣ ರೈತರನ್ನು ಮುಟ್ಟಿದ್ದು ಎರಡು ರೂಪಾಯಿಗಿಂತ ಕಡಿಮೆ. ದೊಡ್ಡ ಪಾಲು ಹೋಗುವುದು ವಿದ್ಯುತ್ತಿಗೆ, ಸಾರಿಗೆಗೆ, ದೊಡ್ಡ ಕಟ್ಟೋಣಗಳಿಗೆ. ಅವೂ ಬೇಕು, ಬೇಡ ಎನ್ನುವುದಿಲ್ಲ. ಆದರೆ ಬಿಸಿಲಿಗೆ ಮೊದಲು ಬೇಯುವವನು ಎರಡೆಕರೆಯ ರೈತ. ಗಾಳಿಗೆ ಹೊಗೆ ಬಿಟ್ಟವರಲ್ಲಿ ಅವನ ಪಾಲು ಅತ್ಯಲ್ಪ. ಅವನಿಗೆ ಸಿಗುವುದು ದಾನವಲ್ಲ, ನ್ಯಾಯವಾಗಿ ಬರಬೇಕಾದ ಪಾಲು.

ಆ ಪಾಲು ಹೆಚ್ಚಿಸುವ ಕೆಲಸ ಸರ್ಕಾರಗಳದು, ಅಂತರರಾಷ್ಟ್ರೀಯ ಸಂಸ್ಥೆಗಳದು. ನಾವು ಒತ್ತಾಯಿಸುತ್ತಲೇ ಇರಬೇಕು. ಜೊತೆಗೆ, ಈಗ ಇರುವ ಹಣವೇ ಹದಕ್ಕೆ ಒದಗುವಂತೆ ನಾವು ನಾವೇ ಮಾಡಿಕೊಳ್ಳಬಹುದಾದ ನಾಲ್ಕು ಕೆಲಸಗಳಿವೆ. ಕೊನೆಯದಾಗಿ ಅವನ್ನು ಹೇಳುತ್ತೇನೆ.

ಮೊದಲನೆಯದು, ವಿಮೆಯ ದಿನಾಂಕ. ಪ್ರತಿ ಬೆಳೆಗೂ ಕೊನೆಯ ದಿನ ಬೇರೆ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆಲಿಕಲ್ಲು ಬಿದ್ದರೆ, ಹೊಲಕ್ಕೆ ನೀರು ನುಗ್ಗಿದರೆ 72 ಗಂಟೆಯೊಳಗೆ ತಿಳಿಸಬೇಕು ಎಂಬುದನ್ನು ಮರೆಯಬೇಡಿ. ಮೂರು ದಿನ ಕಳೆದರೆ ಹಕ್ಕು ಕಳೆಯಿತು.

ಎರಡನೆಯದು, ಮಳೆಮಾಪಕ. ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ ಎಂದು ಹೋಗಿ ನೋಡಿ. ಕೆಟ್ಟಿದ್ದರೆ ಮುಂಗಾರಿಗೆ ಮುಂಚೆ ಬರವಣಿಗೆಯಲ್ಲಿ ದೂರು ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ.

ಮೂರನೆಯದು, ಸಂಘದ ಬರದ ಗಂಟು. ಸ್ವಸಹಾಯ ಸಂಘದ ಅಕ್ಕತಂಗಿಯರೇ, ನಿಮ್ಮ ಉಳಿತಾಯದ ಒಂದು ಭಾಗವನ್ನು ಎರಡನೇ ಬಿತ್ತನೆಗೆಂದೇ ತೆಗೆದಿಡಿ. ಒಳ್ಳೆಯ ವರ್ಷದಲ್ಲಿ ಅದನ್ನು ಮುಟ್ಟಬೇಡಿ. ಸಹಕಾರ ಸಂಘದ ಮಹಾಸಭೆಯಲ್ಲಿಯೂ ಇದೇ ಮಾತು ಎತ್ತಿ.

ನಾಲ್ಕನೆಯದು, ಗ್ರಾಮಸಭೆ. ಮುಂದಿನ ವರ್ಷದ ಕಾಮಗಾರಿಗಳ ಪಟ್ಟಿ ತಯಾರಾಗುವಾಗ ನಿಮ್ಮ ಊರಿನ ಹೊಂಡ, ಬದು, ನಾಲಾ ಬದುಗಳ ಹೆಸರು ಅದರಲ್ಲಿರಲಿ. ಯಾವ ಸರ್ವೆ ನಂಬರು, ಯಾರ ಹೊಲ, ಯಾವ ತಿಂಗಳು ಕೆಲಸ ಎಂದು ಬರೆಸಿ. ಬೇಸಿಗೆಯಲ್ಲಿ ತೋಡಿದ ಹೊಂಡ ಮಾತ್ರ ಆ ವರ್ಷದ ಮಳೆ ಹಿಡಿಯುತ್ತದೆ. ಆದ್ದರಿಂದ ತಿಂಗಳನ್ನು ಬರೆಸುವುದು ಬಹಳ ಮುಖ್ಯ.

ಈ ನಾಲ್ಕಕ್ಕೂ ಹೊಸ ಕಾನೂನು ಬೇಕಿಲ್ಲ. ಹೊಸ ಆದೇಶಕ್ಕೆ ಕಾಯಬೇಕಿಲ್ಲ. ಮುಂದಿನ ಗ್ರಾಮಸಭೆಯ ದಿನ ಯಾವುದೆಂದು ನಾಳೆಯೇ ಪಂಚಾಯಿತಿಯಲ್ಲಿ ಕೇಳಿ. ನೆರೆಮನೆಯವರಿಗೂ ಹೇಳಿ. ಆ ಸಭೆಗೆ ಒಬ್ಬರೇ ಹೋಗಬೇಡಿ, ಹತ್ತು ಜನ ಸೇರಿ ಹೋಗಿ.